ಪೋರ್ಟೋ ರಿಕೋ: ಗಂಟು ಬಿದ್ದದ್ದು ಕಿತ್ತಳೆ ಹಣ್ಣಿನ ಸುಂಕದಲ್ಲಿ

ಕೆರಿಬಿಯನ್ ಕಡಲಿನ ದ್ವೀಪ ಪೋರ್ಟೋ ರಿಕೋದಲ್ಲಿ ಹುಟ್ಟಿದ ಮಗು ಹುಟ್ಟುತ್ತಲೇ ಅಮೆರಿಕದ ಪ್ರಜೆ. ಪಾಸ್‌ಪೋರ್ಟ್ ಅಮೆರಿಕದ್ದು, ಕೈಯಲ್ಲಿ ಓಡಾಡುವುದು ಡಾಲರ್. ದೊಡ್ಡವರಾದ ಮೇಲೆ ಅಮೆರಿಕದ ಸೇನೆಗೂ ಸೇರಬಹುದು. ಆದರೆ ದ್ವೀಪದಲ್ಲೇ ಇದ್ದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಅದೇ ವ್ಯಕ್ತಿ ಫ್ಲಾರಿಡಾಕ್ಕೆ ಹೋಗಿ ಮನೆ ಮಾಡಿದರೆ ಹಾಕಬಹುದು! ವಾಷಿಂಗ್ಟನ್‌ನ ಕೆಳಮನೆಯಲ್ಲಿ ದ್ವೀಪದ ಒಬ್ಬ ಪ್ರತಿನಿಧಿ ಇರುತ್ತಾರೆ. ಮಾತಾಡಬಹುದು, ಆದರೆ ಮಸೂದೆಯ ಕೊನೆಯ ಮತದಾನದಲ್ಲಿ ಅವರಿಗೆ ಮತವಿಲ್ಲ.

ಚಂಡಮಾರುತ ಬಂದಾಗ, ಸಾಲ ತೀರಿಸಲಾಗದೆ ಹೋದಾಗ, ಅಮೆರಿಕದ ರಾಜ್ಯವಾಗಬೇಕೇ ಬೇಡವೇ ಎಂಬ ಜನಮತ ಗಣನೆ ನಡೆದಾಗ ಈ ವಿಷಯ ಮತ್ತೆ ಮೇಲೇಳುತ್ತದೆ. ಮಾತು ಶುರುವಾಗುವುದು ಜಾಸ್ತಿ 1917ರಿಂದ, ಅಂದರೆ ಪೌರತ್ವ ಸಿಕ್ಕ ವರ್ಷದಿಂದ. ನನ್ನ ಪ್ರಕಾರ ಅಷ್ಟರೊಳಗೆ ಗಂಟು ಬಿದ್ದಾಗಿತ್ತು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಕಾರ್ಖಾನೆಗಳು ಭರ್ತಿ ನಡೆಯುತ್ತಿದ್ದವು. ಸರಕಿಗೆ ಹೊರಗಿನ ಮಾರುಕಟ್ಟೆ ಬೇಕು, ನೌಕಾಪಡೆಗೆ ದೂರದ ನೆಲೆಗಳು ಬೇಕು ಎಂಬ ಕೂಗು ಎದ್ದಿತ್ತು. 1898ರಲ್ಲಿ ಸ್ಪೇನ್ ಜೊತೆ ಯುದ್ಧವಾಯಿತು. ಜುಲೈ 25ರಂದು ಅಮೆರಿಕದ ಪಡೆ ದ್ವೀಪದ ಗ್ವಾನಿಕಾದಲ್ಲಿ ಇಳಿಯಿತು. ಡಿಸೆಂಬರ್‌ನ ಪ್ಯಾರಿಸ್ ಒಪ್ಪಂದದಲ್ಲಿ ಪೋರ್ಟೋ ರಿಕೋ ಕೈ ಬದಲಾಯಿತು. ಒಂದು ವರ್ಷದ ಹಿಂದಷ್ಟೇ ಸ್ಪೇನ್ ಈ ದ್ವೀಪಕ್ಕೆ ಸ್ವಯಮಾಡಳಿತ ಕೊಟ್ಟಿತ್ತು. ಅದೂ ಹೋಯಿತು.

1900ರ ಕಾನೂನಿನ ಪ್ರಕಾರ ಗವರ್ನರ್ ಮತ್ತು ಮೇಲ್ಮನೆಯವರನ್ನು ಅಮೆರಿಕದ ಅಧ್ಯಕ್ಷರೇ ನೇಮಿಸುತ್ತಿದ್ದರು. ಜನ ಆರಿಸುತ್ತಿದ್ದದ್ದು 35 ಮಂದಿಯ ಕೆಳಮನೆಯನ್ನು ಮಾತ್ರ. ಅದೇ ಕಾನೂನು ದ್ವೀಪದ ಸರಕಿನ ಮೇಲೆ ತಾತ್ಕಾಲಿಕವಾಗಿ ಒಂದು ಸುಂಕವನ್ನೂ ಹಾಕಿತು. ಆ ವರ್ಷದ ನವೆಂಬರ್‌ನಲ್ಲಿ ಸ್ಯಾಮ್ಯುಯೆಲ್ ಡೌನ್ಸ್ ಎಂಬ ವ್ಯಾಪಾರಿಯ ಕಂಪನಿ ಅಲ್ಲಿಂದ ನ್ಯೂಯಾರ್ಕ್‌ಗೆ ಕಿತ್ತಳೆ ತರಿಸಿತು. ಬಂದರಿನವರು 659 ಡಾಲರ್ 35 ಸೆಂಟ್ ಸುಂಕ ಕೇಳಿದರು. ಡೌನ್ಸ್ ತಕರಾರು ಹೇಳಿಯೇ ಹಣ ಕಟ್ಟಿ ಕೋರ್ಟಿಗೆ ಹೋದರು. ದೇಶದೆಲ್ಲೆಡೆ ಸುಂಕ ಒಂದೇ ರೀತಿ ಇರಬೇಕು ಎನ್ನುತ್ತದೆ ಸಂವಿಧಾನ. ದ್ವೀಪ ಈಗ ನಮ್ಮದೇ ದೇಶ ಅಲ್ವಾ, ಮತ್ತೆ ಈ ಸುಂಕ ಯಾಕೆ?

1901ರ ಮೇ 27ರಂದು ಸುಪ್ರೀಂ ಕೋರ್ಟ್ ಒಂಬತ್ತರಲ್ಲಿ ಐದು ಮತಗಳಿಂದ ಸುಂಕ ಸರಿ ಎಂದಿತು. ಆ ಐವರೊಳಗೂ ಕಾರಣದ ಬಗ್ಗೆ ಒಮ್ಮತವಿರಲಿಲ್ಲ. ಅವರಲ್ಲೊಬ್ಬರಾದ ನ್ಯಾಯಮೂರ್ತಿ ವೈಟ್ ಬರೆದದ್ದು ಮುಂದೆ ಪ್ರಸಿದ್ಧವಾಯಿತು: ಹೊರಗಿನವರ ಕಣ್ಣಿಗೆ ದ್ವೀಪ ಅಮೆರಿಕದ್ದೇ, ಆದರೆ ಮನೆಯೊಳಗಿನ ಲೆಕ್ಕದಲ್ಲಿ ಪರದೇಶ. ತ್ರಿಶಂಕು ಸ್ಥಿತಿ ಅಂದರೆ ಇದೇ. ಅಲ್ಲಿನ ಜನ ಬೇರೆ ಜನಾಂಗದವರು, ಅವರನ್ನು ನಮ್ಮ ರೀತಿಯಲ್ಲಿ ಆಳುವುದು ಕಷ್ಟ ಎಂಬ ಮಾತೂ ತೀರ್ಪಿನಲ್ಲಿದೆ. ಓದುವಾಗ ಇವತ್ತಿಗೂ ಮನಸ್ಸು ಮುದುಡುತ್ತದೆ. ನ್ಯಾಯಮೂರ್ತಿ ಹಾರ್ಲನ್ ಇದನ್ನು ಬಲವಾಗಿ ವಿರೋಧಿಸಿದರು. 1896ರಲ್ಲಿ ಕಪ್ಪು ಜನರಿಗೆ ಬೇರೆ ರೈಲು ಡಬ್ಬಿ ಸರಿ ಎಂದ ತೀರ್ಪನ್ನು ಒಬ್ಬರೇ ವಿರೋಧಿಸಿದ್ದವರೂ ಇವರೇ.

ಹಾಗಾದರೆ ದ್ವೀಪದ ಜನ ಯಾರು? ಈ ಪ್ರಶ್ನೆಯನ್ನು ಕೋರ್ಟಿನ ಮುಂದಿಟ್ಟವರು ಇಸಬೆಲ್ ಗೊನ್ಸಾಲೆಸ್. 1902ರ ಆಗಸ್ಟ್‌ನಲ್ಲಿ ಆಕೆ ಹಡಗಿನಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದರು. ಆಗ ಬಸುರಿ. ಮದುವೆಯಾಗಬೇಕಿದ್ದವನು ಸ್ಟೇಟನ್ ಐಲ್ಯಾಂಡ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಎಲ್ಲಿಸ್ ಐಲ್ಯಾಂಡ್‌ನಲ್ಲಿ ಅಧಿಕಾರಿಗಳು ಆಕೆಯನ್ನು ತಡೆದರು. ಸರ್ಕಾರಕ್ಕೆ ಹೊರೆಯಾಗಬಹುದಾದ ಪರದೇಶಿ ಎಂದರು. ಮನೆಯವರು ಬಂದು ಎಷ್ಟು ಹೇಳಿದರೂ ಬಿಡಲಿಲ್ಲ. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಈ ನಡುವೆ ಆಕೆಗೆ ಮದುವೆಯಾಗಿತ್ತು. ಅದನ್ನು ಹೇಳಿಬಿಟ್ಟಿದ್ದರೆ ತನ್ನ ತೊಂದರೆ ಮುಗಿಯುತ್ತಿತ್ತು. ಕೇಸು ಬಿದ್ದುಹೋಗಬಾರದೆಂದು ಆಕೆ ಸುಮ್ಮನಿದ್ದರು. ತನ್ನ ಜನರೆಲ್ಲರಿಗೂ ಉತ್ತರ ಸಿಗಲಿ ಎಂಬ ಹಟ. 1904ರ ಜನವರಿಯಲ್ಲಿ ತೀರ್ಪು ಬಂತು: ಈಕೆ ಪರದೇಶಿ ಅಲ್ಲ. ಪ್ರಜೆಯೋ? ಅದನ್ನು ಕೋರ್ಟ್ ಹೇಳಲಿಲ್ಲ.

ಇದೇ ವರ್ಷಗಳನ್ನು ಅಮೆರಿಕದಲ್ಲಿ ಸುಧಾರಣೆಯ ಕಾಲ ಅನ್ನುತ್ತಾರೆ. ದೊಡ್ಡ ಕಂಪನಿಗಳಿಗೆ ಮೂಗುದಾರ ಹಾಕಬೇಕು ಎಂದು ಊರೂರಲ್ಲಿ ಮಾತು. ದ್ವೀಪಕ್ಕೂ ಅಂಥದ್ದೊಂದು ನಿಯಮ ಬಂದಿತ್ತು: ಯಾವ ಕಂಪನಿಯೂ 500 ಎಕರೆಗಿಂತ ಹೆಚ್ಚು ಜಮೀನು ಇಟ್ಟುಕೊಳ್ಳುವಂತಿಲ್ಲ. 1900ರ ಆ ನಿಯಮ ಸರಿಯಾಗಿ ಜಾರಿಯಾದದ್ದು 1940ರ ದಶಕದಲ್ಲಿ. ಅಷ್ಟರಲ್ಲಿ ಕಬ್ಬು ದ್ವೀಪವನ್ನೇ ಆವರಿಸಿತ್ತು. 1899ರ ಚಂಡಮಾರುತ ಕಾಫಿ ತೋಟಗಳನ್ನು ನೆಲಕಚ್ಚಿಸಿತ್ತು. ಅಮೆರಿಕಕ್ಕೆ ಬರುವ ಹೊರದೇಶದ ಸಕ್ಕರೆಗೆ ಸುಂಕವಿತ್ತು, ಕಾಫಿಗೆ ಇರಲಿಲ್ಲ. ಹೀಗಾಗಿ 1901ರಲ್ಲಿ ದ್ವೀಪದ ಸರಕಿನ ಸುಂಕ ಪೂರ್ತಿ ಹೋದಾಗ ಸಕ್ಕರೆಗೆ ಲಾಭವಾಯಿತು. ಕಾಫಿ ಬೆಳೆಗಾರ ಮಾತ್ರ ಬ್ರೆಜಿಲ್ ಜೊತೆ ನೇರ ಪೈಪೋಟಿಗೆ ಬಿದ್ದ.

ಆಮೇಲೆ 1917. ಮಾರ್ಚ್ 2ರಂದು ಅಧ್ಯಕ್ಷ ವಿಲ್ಸನ್ ಪೌರತ್ವದ ಕಾನೂನಿಗೆ ಸಹಿ ಹಾಕಿದರು. ಏಪ್ರಿಲ್ 6ಕ್ಕೆ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಕಡ್ಡಾಯ ಸೇನಾ ಭರ್ತಿಯ ಕಾನೂನು. ಸೈನಿಕರು ಬೇಕಿತ್ತು, ಅದಕ್ಕೇ ಪೌರತ್ವ ಕೊಟ್ಟರು ಎಂಬ ಮಾತು ಹುಟ್ಟಿದ್ದು ಈ ತಾರೀಖುಗಳಿಂದ. ದ್ವೀಪದ ಸಾವಿರಾರು ಯುವಕರು ಸೇನೆ ಸೇರಿದ್ದು, ಪನಾಮಾ ಕಾಲುವೆ ಕಾಯಲು ಹೋದದ್ದು ನಿಜ. ಆದರೆ ಪೌರತ್ವದ ಮಸೂದೆಗಳು ವರ್ಷಗಳಿಂದ ಓಡಾಡುತ್ತಿದ್ದವು. 1914ರಲ್ಲಿ ಪನಾಮಾ ಕಾಲುವೆ ತೆರೆದಿತ್ತು. 1917ರಲ್ಲೇ ಡೆನ್ಮಾರ್ಕ್‌ನಿಂದ ಪಕ್ಕದ ವರ್ಜಿನ್ ದ್ವೀಪಗಳನ್ನು ಅಮೆರಿಕ 2.5 ಕೋಟಿ ಡಾಲರ್‌ಗೆ ಕೊಂಡಿತು. ಕೆರಿಬಿಯನ್ ಕಡಲನ್ನು ಬಿಡುವ ಮನಸ್ಸು ಇರಲಿಲ್ಲ ಅನ್ನುವುದೇ ನನಗೆ ಹೆಚ್ಚು ಒಪ್ಪುವ ಕಾರಣ.

ದ್ವೀಪದವರನ್ನು ಯಾರಾದರೂ ಕೇಳಿದ್ದರೇ? 1914ರಲ್ಲೇ ಅವರ ಕೆಳಮನೆ ಈ ಪೌರತ್ವ ಬೇಡ ಎಂದಿತ್ತು. ಕಾನೂನು ಬಂದ ಮೇಲೆ ಬೇಡವೆಂದು ಬರೆದುಕೊಟ್ಟವರು 288 ಮಂದಿ. ಬೇಡ ಎಂದವರಿಗೆ ಸ್ವಂತ ದ್ವೀಪದಲ್ಲೂ ಮತದ ಹಕ್ಕಿರಲಿಲ್ಲ. ಹಾಗಾಗಿ ಆ ಸಣ್ಣ ಸಂಖ್ಯೆಯನ್ನು ಎಲ್ಲರ ಒಪ್ಪಿಗೆ ಅಂತ ಓದಬಾರದು.

ಪೌರತ್ವ ಬಂದರೂ 1901ರ ತೀರ್ಪು ಅಲುಗಲಿಲ್ಲ. ಗವರ್ನರ್ ವಿರುದ್ಧ ಬರೆದು ಮಾನಹಾನಿ ಕೇಸಿಗೆ ಸಿಕ್ಕಿದ ಪತ್ರಿಕಾ ಸಂಪಾದಕ ಬಾಲ್ಸಾಕ್, ತನ್ನ ವಿಚಾರಣೆಗೆ ಜ್ಯೂರಿ, ಅಂದರೆ ಸಾಮಾನ್ಯ ಜನರಿಂದ ಆರಿಸಿದ ತೀರ್ಪುಗಾರರ ತಂಡ, ಬೇಕೆಂದು ಕೇಳಿದರು. ಪ್ರಜೆಯಾದ ಮಾತ್ರಕ್ಕೆ ದ್ವೀಪದಲ್ಲಿ ಆ ಹಕ್ಕು ಸಿಗದು ಎಂದಿತು 1922ರಲ್ಲಿ ಸುಪ್ರೀಂ ಕೋರ್ಟ್.

ಮುಂದಿನದು ಚುಟುಕಾಗಿ. 1948ರಲ್ಲಿ ಜನ ಮೊದಲ ಸಲ ಗವರ್ನರನ್ನು ಆರಿಸಿದರು. 1952ರಲ್ಲಿ ದ್ವೀಪಕ್ಕೆ ತನ್ನದೇ ಸಂವಿಧಾನ ಬಂತು. ಜನಮತ ಗಣನೆಗಳು ಹಲವು ನಡೆದವು. ಕೊನೆಯ ಮಾತು ಮಾತ್ರ ಇನ್ನೂ ವಾಷಿಂಗ್ಟನ್‌ನದೇ.

2022ರಲ್ಲಿ ಇನ್ನೊಂದು ಕೇಸು ಬಂತು. ನ್ಯೂಯಾರ್ಕ್‌ನಲ್ಲಿದ್ದಾಗ ಅಂಗವೈಕಲ್ಯದ ನೆರವು ಪಡೆಯುತ್ತಿದ್ದ ಒಬ್ಬರು ಪೋರ್ಟೋ ರಿಕೋಕ್ಕೆ ಬಂದು ನೆಲೆಸಿದ್ದರು. ಬಂದ ಮೇಲೆ ಪಡೆದ ನೆರವು, 28,000 ಡಾಲರ್‌ಗೂ ಜಾಸ್ತಿ, ವಾಪಸ್ ಕೊಡಿ ಎಂದು ಸರ್ಕಾರ ಕೇಳಿತ್ತು. ದ್ವೀಪದಲ್ಲಿರುವವರಿಗೆ ಆ ನೆರವು ಕೊಡಲೇಬೇಕೆಂದಿಲ್ಲ ಎಂದು ಎಂಟು ನ್ಯಾಯಮೂರ್ತಿಗಳು ಹೇಳಿದರು. ಸೋತೊಮಾಯೋರ್ ಒಬ್ಬರೇ ಒಪ್ಪಲಿಲ್ಲ. ಎಂಟರಲ್ಲೊಬ್ಬರಾದ ಗೋರ್ಸಚ್, 1901ರ ಆ ತೀರ್ಪನ್ನೂ ಅದರ ಸಾಲಿನ ತೀರ್ಪುಗಳನ್ನೂ ರದ್ದು ಮಾಡುವ ಕಾಲ ಬಂದಿದೆ ಎಂದು ಬೇರೆಯಾಗಿ ಬರೆದರು. ಆದರೆ ಈ ಕೇಸಿನಲ್ಲಿ ಹಾಗೆ ಮಾಡಿ ಎಂದು ಎರಡೂ ಕಡೆಯವರು ಕೇಳಿರಲಿಲ್ಲ.