ಕಾಂಪಿಟೆಂಟ್ ಪರ್ಸನ್ ಅಂದ್ರೆ ಯಾರು? ರಸ್ತೆ ಅಗೆಯೋ ಕೆಲಸದವರ ಟ್ರೈನಿಂಗ್‌ನಲ್ಲಿ ಬರೋ ಒಂದು ಪದ

ಊರಿನ ರಸ್ತೆ, ನೀರಿನ ಪೈಪು, ಒಳಚರಂಡಿ ಇವುಗಳ ಕೆಲಸ ಮಾಡೋರಿಗೆ ಕೊಡೋ ಸೇಫ್ಟಿ ಟ್ರೈನಿಂಗ್‌ನಲ್ಲಿ "ಕಾಂಪಿಟೆಂಟ್ ಪರ್ಸನ್" ಅಂತ ಒಂದು ಪದ ಪದೇ ಪದೇ ಬರತ್ತೆ. ಕೆಲಸ ಚೆನ್ನಾಗಿ ಗೊತ್ತಿರೋ ಸೀನಿಯರ್ ಅಂತ ತುಂಬಾ ಜನ ಅಂದ್ಕೋತಾರೆ, ಆದ್ರೆ ಅಷ್ಟೇ ಅಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಕಟ್ಟಡ ಮತ್ತು ಅಗೆತದ ಕೆಲಸಕ್ಕೆ ಮಾಡಿರೋ ನಿಯಮದ ಪ್ರಕಾರ ಈ ವ್ಯಕ್ತಿಗೆ ಎರಡು ಇರಬೇಕು. ಸೈಟಲ್ಲಿ ಈಗಿರೋ ಅಪಾಯ, ಇನ್ನು ಸ್ವಲ್ಪ ಹೊತ್ತಲ್ಲಿ ಬರಬಹುದಾದ ಅಪಾಯ ಎರಡನ್ನೂ ಗುರುತಿಸೋಕೆ ಬರಬೇಕು, ಆಮೇಲೆ ಅದನ್ನ ತಕ್ಷಣ ಸರಿ ಮಾಡಿಸೋ ಅಧಿಕಾರನೂ ಕೈಯಲ್ಲಿರಬೇಕು.

ನನ್ನ ಪ್ರಕಾರ ಈ ಅಧಿಕಾರ ಅನ್ನೋದೇ ಇಡೀ ವಿಷಯದ ಜೀವಾಳ. ಗುಂಡಿ ಅಂಚಲ್ಲಿ ಬಿರುಕು ಕಾಣ್ತಿದೆ, ಇಳೀಬಾರದು ಅಂತ ಒಬ್ಬನಿಗೆ ಗೊತ್ತು, ಆದ್ರೆ ಕೆಲಸ ನಿಲ್ಲಿಸೋಕೆ ಆಫೀಸಿಗೆ ಫೋನ್ ಮಾಡಿ ಮೇಲಿನೋರ ಪರ್ಮಿಷನ್‌ಗೆ ಕಾಯ್ಬೇಕು ಅಂದ್ರೆ ಅವನು ಎಷ್ಟೇ ಅನುಭವ ಇರೋನಾದ್ರೂ ಕಾಂಪಿಟೆಂಟ್ ಪರ್ಸನ್ ಅಲ್ಲ. ಹಾಗೇ ಅಧಿಕಾರ ಇದ್ದು ಮಣ್ಣು ನೋಡೋಕೆ ಬರದೇ ಇರೋ ಸೂಪರ್‌ವೈಸರ್ ಕೂಡ ಅಲ್ಲ. ಇದರ ಪಕ್ಕದಲ್ಲೇ ಬರೋ "ಕ್ವಾಲಿಫೈಡ್ ಪರ್ಸನ್" ಬೇರೆ, ಅದು ಡಿಗ್ರಿ, ಸರ್ಟಿಫಿಕೇಟ್ ಅಥವಾ ಒಳ್ಳೆ ಅನುಭವದಿಂದ ಆ ವಿಷಯದ ಸಮಸ್ಯೆ ಬಿಡಿಸಬಲ್ಲೆ ಅಂತ ತೋರಿಸಿಕೊಟ್ಟೋರಿಗೆ ಹೇಳೋದು, ಅಲ್ಲಿ ಕೆಲಸ ನಿಲ್ಲಿಸೋ ಅಧಿಕಾರದ ಮಾತಿಲ್ಲ.

ಟ್ರೆಂಚ್, ಅಂದ್ರೆ ಉದ್ದಕ್ಕೆ ಅಗೆದ ಕಿರಿದಾದ ಗುಂಡಿಯ ಕೆಲಸದಲ್ಲಿ ಇದಕ್ಕೆ ಯಾಕಿಷ್ಟು ಒತ್ತು ಕೊಡ್ತಾರೆ ಅಂದ್ರೆ ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ಇಲ್ಲಾ ಅದಕ್ಕಿಂತ ಜಾಸ್ತಿ ತೂಗತ್ತೆ, ಅಂದ್ರೆ ಹೆಚ್ಚುಕಮ್ಮಿ ಒಂದು ಕಾರಿನ ತೂಕ. ಅದು ಕುಸಿಯೋಕೆ ಸೆಕೆಂಡುಗಳು ಸಾಕು. ತಲೆ ಹೊರಗಿದ್ರೂ ಎದೆ ಮಟ್ಟ ಮಣ್ಣು ತುಂಬಿದ್ರೆ ಪ್ರತಿ ಸಲ ಉಸಿರು ಬಿಟ್ಟಾಗ ಮಣ್ಣು ಇನ್ನೂ ಬಿಗಿಯಾಗತ್ತೆ, ಮತ್ತೆ ಎದೆ ಹಿಗ್ಗೋಕೆ ಜಾಗನೇ ಇರಲ್ಲ.

ಹಾಗಾಗಿ ಟ್ರೈನಿಂಗ್‌ನಲ್ಲಿ ಮಣ್ಣನ್ನ ಓದೋದು ದೊಡ್ಡ ಪಾಠ. ಗಟ್ಟಿ ಬಂಡೆ ಬಿಟ್ಟು ಉಳಿದದ್ದನ್ನ ಎ, ಬಿ, ಸಿ ಅಂತ ಮೂರು ಟೈಪ್ ಮಾಡ್ತಾರೆ, ಎ ಗಟ್ಟಿ, ಸಿ ತೀರಾ ಸಡಿಲ. ಕಣ್ಣಲ್ಲಿ ನೋಡಿ ಒಂದು ಪರೀಕ್ಷೆ, ಕೈಯಲ್ಲಿ ಒಂದು ಪರೀಕ್ಷೆ ಕಡಿಮೆ ಅಂದ್ರೂ ಮಾಡ್ಲೇಬೇಕು. ಆಗಷ್ಟೇ ಅಗೆದ ದೊಡ್ಡ ಹೆಂಟೆ ತಗೊಂಡು ಹೆಬ್ಬೆರಳಲ್ಲಿ ಒತ್ತಿ ನೋಡೋದು ಒಂದು ವಿಧಾನ, ಬೆರಳು ಸಲೀಸಾಗಿ ಒಳಗೆ ಹೋಯ್ತು ಅಂದ್ರೆ ಅದು ಸಿ. ಹೆಂಟೆ ಒಣಗೋ ಮುಂಚೆನೇ ನೋಡ್ಬೇಕು, ಒಣಗಿದ್ರೆ ಗಟ್ಟಿ ಮಣ್ಣಿನ ಥರ ಮೋಸ ಮಾಡತ್ತೆ.

ಇಲ್ಲಿ ಊರಿನ ಕೆಲಸದವರು ಮುಖ್ಯವಾಗಿ ಗಮನಿಸ್ಬೇಕಾದ್ದು ಇನ್ನೊಂದಿದೆ. ಹಿಂದೆ ಒಮ್ಮೆ ಅಗೆದು ಮುಚ್ಚಿದ ಮಣ್ಣನ್ನ, ವಾಹನ ಓಡಾಡಿ ಅದುರೋ ಜಾಗದ ಮಣ್ಣನ್ನ ಎ ಅಂತ ಕರೆಯೋ ಹಾಗೇ ಇಲ್ಲ. ಊರೊಳಗಿನ ರಸ್ತೆ ಕೆಳಗೆ ನೀರು, ಚರಂಡಿ, ಕೇಬಲ್ ಅಂತ ಎಷ್ಟು ಸಲ ಅಗೆದಿರ್ತಾರೆ ಯೋಚನೆ ಮಾಡಿ, ಪಕ್ಕದಲ್ಲೇ ಬಸ್ಸು ಲಾರಿ ಬೇರೆ. ನೋಡೋಕೆ ಗಟ್ಟಿ ಇದೆ ಅಂತ ಇಳಿಯೋದು ಇಲ್ಲಿ ನಿಜಕ್ಕೂ ಅಪಾಯ. ಸಿ ಮಣ್ಣಿಗೆ ಇಳಿಜಾರು ಕೊಟ್ಟು ಅಗೀಬೇಕು ಅಂದ್ರೆ 6 ಅಡಿ ಆಳಕ್ಕೆ ಎರಡೂ ಕಡೆ ತಲಾ 9 ಅಡಿ ಅಗಲ ತೆಗೀಬೇಕು, ಸಣ್ಣ ರಸ್ತೆಲಿ ಅಷ್ಟು ಜಾಗ ಎಲ್ಲಿಂದ ತರೋದು, ಅದಕ್ಕೇ ಟ್ರೆಂಚ್ ಬಾಕ್ಸ್ (ಒಳಗಿರೋರ ಮೇಲೆ ಮಣ್ಣು ಬೀಳದ ಹಾಗೆ ತಡೆಯೋ ಗಟ್ಟಿ ಚೌಕಟ್ಟು) ಇಳಿಸ್ತಾರೆ ಇಲ್ಲಾ ಪಕ್ಕದ ಗೋಡೆಗೆ ಆಸರೆ ಕೊಟ್ಟು ನಿಲ್ಲಿಸ್ತಾರೆ.

ಓಶಾ ನಿಯಮದಲ್ಲಿ 5 ಅಡಿ ಅಥವಾ ಅದಕ್ಕಿಂತ ಆಳ ಆದ್ರೆ ಇಂಥ ರಕ್ಷಣೆ ಬೇಕೇ ಬೇಕು, ಪೂರ್ತಿ ಬಂಡೆ ಆಗಿದ್ರೆ ಮಾತ್ರ ವಿನಾಯಿತಿ. ಹಂಗಂತ 5 ಅಡಿ ಒಳಗಿದ್ರೆ ಏನೂ ಬೇಡ ಅಂತಲ್ಲ, ಕುಸಿಯೋ ಲಕ್ಷಣ ಇಲ್ಲ ಅಂತ ಕಾಂಪಿಟೆಂಟ್ ಪರ್ಸನ್ ನೋಡಿ ಹೇಳಿರಬೇಕು. ತೆಗೆದ ಮಣ್ಣು ಅಂಚಿಂದ 2 ಅಡಿ ದೂರ ಇದ್ಯಾ, 4 ಅಡಿ ಅಥವಾ ಅದಕ್ಕಿಂತ ಆಳ ಇದ್ರೆ ಹತ್ತಿ ಬರೋಕೆ ಏಣಿ 25 ಅಡಿ ಒಳಗೆ ಸಿಗತ್ತಾ ಇಂಥದ್ದೂ ನೋಡೋದು ಅವನೇ.

ಎರಡು ದಿನದ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಗೊಂಡ್ರೆ ಕಾಂಪಿಟೆಂಟ್ ಪರ್ಸನ್ ಆಗ್ಬಿಡಲ್ಲ. ಓಶಾ ಕೂಡ ಯಾರಿಗೂ ಈ ಹೆಸರಲ್ಲಿ ಸರ್ಟಿಫಿಕೇಟ್ ಕೊಡಲ್ಲ, ಕೆಲಸ ಕೊಟ್ಟ ಸಂಸ್ಥೆನೇ ಇಂಥವರು ಅಂತ ನೇಮಿಸ್ಬೇಕು. ನೇಮಿಸೋವಾಗ ಬರವಣಿಗೆಯಲ್ಲಿ ಕೊಡೋದು ಒಳ್ಳೇದು, ಅವನು ನಿಲ್ಸು ಅಂದ್ರೆ ಜೆಸಿಬಿ ಡ್ರೈವರ್‌ನಿಂದ ಎಂಜಿನಿಯರ್‌ವರೆಗೂ ಎಲ್ರೂ ನಿಲ್ಲಿಸ್ಬೇಕು ಅಂತ ಸೈಟಲ್ಲಿ ಎಲ್ಲರ ಎದುರೇ ಹೇಳ್ಬೇಕು. ತಪಾಸಣೆನೂ ಬೆಳಿಗ್ಗೆ ಒಂದ್ಸಲ ಮಾಡಿ ಮುಗಿಸೋದಲ್ಲ, ಪ್ರತಿದಿನ ಕೆಲಸ ಶುರುವಾಗೋ ಮುಂಚೆ, ಶಿಫ್ಟ್ ಮಧ್ಯೆ ಬೇಕಾದಾಗೆಲ್ಲ, ಮಳೆ ಬಂದು ನಿಂತ ಮೇಲೆ ಮತ್ತೊಂದು ಸಲ. ಆ ತಪಾಸಣೆ ಆಗೋವರೆಗೂ ಗುಂಡಿಗೆ ಯಾರೂ ಇಳಿಯಬಾರದು.