ಓದುಗರ ಪ್ರಶ್ನೆ: ಪಂಕ್ ಹುಡುಗರಿಗೆ ಬಾರಿಸೋಕೆ ಬರ್ತಿತ್ತಾ, ಇಲ್ವಾ?

ಪ್ರಶ್ನೆ: "ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್ ಅಂತ ಎಲ್ಲರೂ ಹೊಗಳ್ತಾರೆ. ಕೇಳಿದ್ರೆ ಬರೀ ಕಿರುಚಾಟ, ಮೂರು ಕಾರ್ಡ್. ಇವರಿಗೆ ನಿಜವಾಗ್ಲೂ ಸಂಗೀತ ಬರ್ತಿತ್ತಾ? ಬರದೇ ಇದ್ರೆ ಇಷ್ಟು ವರ್ಷ ಆದ್ಮೇಲೂ ಇವರ ಮಾತು ಯಾಕೆ?"

ಹೊಸಬರಿಗೆ ಒಂದು ಮಾತು: ಪಂಕ್ ಅಂದ್ರೆ 1970ರ ದಶಕದಲ್ಲಿ ಬಂದ ಒರಟು, ಸರಳ ರಾಕ್ ಸಂಗೀತ; ಪಿಸ್ಟಲ್ಸ್, ಕ್ಲ್ಯಾಶ್ ಅದರ ಲಂಡನ್ ತಂಡಗಳು; ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಕೇಳುವವರ ಮೇಲೆ ನನಗೆ ಬೇಜಾರಿಲ್ಲ, ಯಾಕಂದ್ರೆ ಕಾಲೇಜಿನಲ್ಲಿ ಗೆಳೆಯನೊಬ್ಬ ಪಿಸ್ಟಲ್ಸ್ ಆಲ್ಬಮ್ ಮೊದಲ ಸಲ ಕೇಳಿಸಿದಾಗ ನಾನೂ ಹೀಗೇ ಅಂದಿದ್ದೆ. ಆಗ ಕೇಳಿದ್ದು ಒಂದು ಸಣ್ಣ ಸ್ಪೀಕರ್‌ನಲ್ಲಿ, ಹಾಸ್ಟೆಲ್ ಗದ್ದಲದ ನಡುವೆ. ಎಷ್ಟೋ ವರ್ಷ ಆದ್ಮೇಲೆ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದೇ ಆಲ್ಬಮ್ ಕೇಳಿದೆ. ಗಿಟಾರ್ ಒಂದಲ್ಲ! ಎಡಕ್ಕೊಂದು, ಬಲಕ್ಕೊಂದು, ಮಧ್ಯೆ ಇನ್ನೊಂದು, ಅದರ ಮೇಲೆ ಮತ್ತೊಂದು. ಎಲ್ಲವೂ ಒಂದೇ ಕ್ಷಣಕ್ಕೆ ಬಂದು ಬಡಿಯುತ್ತವೆ, ಒಂದೇ ಕ್ಷಣಕ್ಕೆ ನಿಲ್ಲುತ್ತವೆ. ಬಾರಿಸೋಕೆ ಬಾರದವರು ಹೀಗೆ ಮಾಡಲು ಸಾಧ್ಯವೇ ಇಲ್ಲ.

ನೇರವಾಗಿ ಹೇಳ್ತೀನಿ. ಪಿಸ್ಟಲ್ಸ್ ಹುಡುಗರಿಗೆ ಬಾರಿಸೋಕೆ ಬರ್ತಿತ್ತು. ಬಾರದೇ ಇದ್ದವನು ಸಿಡ್ ವಿಷಸ್ ಒಬ್ಬನೇ. ಅವನ ಫೋಟೋ ಟೀ ಶರ್ಟ್ ಮೇಲೆ ಬಂದೂ ಬಂದೂ, ಅವನಿಗೆ ಬಾರದಿದ್ದದ್ದನ್ನು ಎಲ್ಲರ ತಲೆಗೂ ಕಟ್ಟಿಬಿಟ್ಟಿದ್ದೇವೆ. ಸಿಡ್ ತಂಡಕ್ಕೆ ಬಂದದ್ದೇ 1977ರ ಫೆಬ್ರವರಿ ಹೊತ್ತಿಗೆ. ಅದಕ್ಕೆ ಮೊದಲು ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸುತ್ತಿದ್ದವನು ಗ್ಲೆನ್ ಮ್ಯಾಟ್‌ಲಾಕ್. ಆಲ್ಬಮ್‌ನಲ್ಲಿರುವ 12 ಹಾಡುಗಳ ಪೈಕಿ 10ನ್ನು ಕಟ್ಟಿದ್ದರಲ್ಲಿ ಅವನ ಕೈ ಇದೆ. ರಾಗ ಕಟ್ಟುವ ಕಿವಿ ಇದ್ದವನು ಅವನು. 'ಪ್ರೆಟಿ ವೇಕೆಂಟ್' ಹಾಡಿನ ಶುರುವಿನ ಗಿಟಾರ್ ಎಳೆ ಹೊಳೆದದ್ದು ಆಬ್ಬಾ ತಂಡದ 'ಎಸ್ಒಎಸ್' ಕೇಳಿದಾಗ ಅಂತ ಅವನೇ ಹೇಳಿಕೊಂಡಿದ್ದಾನೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಗೊತ್ತಾಗುತ್ತೆ.

1977ರ ಅಕ್ಟೋಬರ್‌ನಲ್ಲಿ ಬಂದ 'ನೆವರ್ ಮೈಂಡ್ ದ ಬೊಲಕ್ಸ್' ಆಲ್ಬಮ್‌ನಲ್ಲಿ ಬಹುಪಾಲು ಬೇಸ್ ನುಡಿಸಿದ್ದು ಗಿಟಾರ್‌ನ ಸ್ಟೀವ್ ಜೋನ್ಸ್. ಆ ಹೊತ್ತಿಗೆ ಸಿಡ್ ಕಾಮಾಲೆಯಿಂದ ಆಸ್ಪತ್ರೆಯಲ್ಲಿದ್ದ. ಜೋನ್ಸ್ ಒಂದೇ ಗಿಟಾರ್ ಭಾಗವನ್ನು ಮತ್ತೆ ಮತ್ತೆ ನುಡಿಸಿ ಒಂದರ ಮೇಲೊಂದು ಪದರ ಹಾಕಿದ. ಪ್ರತಿ ಸಲವೂ ಕೂದಲೆಳೆಯಷ್ಟೂ ಆಚೀಚೆ ಆಗಬಾರದು, ಆಯಿತೋ, ಅಷ್ಟೂ ಪದರ ರಾಡಿ ಆಗುತ್ತೆ. ಪಾಲ್ ಕುಕ್‌ನ ಡ್ರಮ್ ಗಮನಿಸಿ. ಚಮತ್ಕಾರ ಒಂದೂ ಇಲ್ಲ, ಆದರೆ ಕಾಲಪ್ರಮಾಣ ಅಲ್ಲಾಡೋದೇ ಇಲ್ಲ. ಇನ್ನೊಂದು ವಿಷಯ ತುಂಬಾ ಜನ ಗಮನಿಸಿರಲ್ಲ: ಈ ಆಲ್ಬಮ್ ಅಷ್ಟೇನೂ ವೇಗದ್ದಲ್ಲ. ಹೆಚ್ಚಿನ ಹಾಡುಗಳದ್ದು ಮಧ್ಯಮ ಕಾಲ. ಗಿಟಾರ್‌ನ ಭಾರಕ್ಕೆ ವೇಗ ಅನ್ನಿಸುತ್ತೆ ಅಷ್ಟೇ. ನಿರ್ಮಾಪಕ ಯಾರು ಗೊತ್ತಾ? ಕ್ರಿಸ್ ಥಾಮಸ್. ಬೀಟಲ್ಸ್ ಜೊತೆ ಕೆಲಸ ಮಾಡಿದವರು, ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' ಮಿಕ್ಸಿಂಗ್ ನೋಡಿಕೊಂಡವರು. ಯಾವ ಸಂಗೀತವನ್ನು ಪಂಕ್ ಹುಡುಗರು ಬೈದರು ಅಂತ ಕತೆ ಇದೆಯೋ, ಅದೇ ಸಂಗೀತದ ಸ್ಟುಡಿಯೋ ಕೆಲಸಗಾರ ಇದರ ಹಿಂದೆಯೂ ಇದ್ದ.

ಇನ್ನು ಆ ಮೂರು ಕಾರ್ಡ್ ವಿಷಯ. 1977ರ ಜನವರಿಯಲ್ಲಿ 'ಸೈಡ್‌ಬರ್ನ್ಸ್' ಅನ್ನೋ, ಅಭಿಮಾನಿಗಳೇ ತರುತ್ತಿದ್ದ ಸಣ್ಣ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಮೂರು ಕಾರ್ಡ್‌ಗಳಿಗೆ ಬೆರಳು ಎಲ್ಲೆಲ್ಲಿ ಇಡಬೇಕು ಅಂತ ಬರೆದು, ಈಗ ಹೋಗಿ ತಂಡ ಕಟ್ಟಿ ಅಂತ ಕೆಳಗೆ ಹಾಕಿದ್ದರು. ಅದು 'ಸ್ನಿಫಿನ್ ಗ್ಲೂ' ಪತ್ರಿಕೆಯದ್ದು ಅಂತ ಬಹಳ ಕಡೆ ತಪ್ಪಾಗಿ ಬರೆಯುತ್ತಾರೆ. ಇರಲಿ. ಅದನ್ನು ಜನ ಸೋಮಾರಿತನಕ್ಕೆ ಕೊಟ್ಟ ಪರವಾನಗಿ ಅಂತ ಓದುತ್ತಾರೆ. ನನಗೆ ಹಾಗೆ ಕಾಣಲ್ಲ.

ಪಂಕ್ ಗಿಟಾರ್‌ನಲ್ಲಿ ಜಾಸ್ತಿ ಕೇಳಿಸೋದು ಪವರ್ ಕಾರ್ಡ್. ಅಂದ್ರೆ ಏನು? ನಮ್ಮ ಮಾತಿನಲ್ಲಿ ಹೇಳೋದಾದ್ರೆ ಸ, ಪ, ಮೇಲಿನ ಸ. ಗಾಂಧಾರ ಇಲ್ಲ. ನಮ್ಮ ತಂಬೂರಿಯಲ್ಲೂ ಸಾಮಾನ್ಯವಾಗಿ ಇರೋದು ಷಡ್ಜ, ಪಂಚಮ ಅಲ್ವಾ? ಆಂಪ್ಲಿಫೈಯರ್‌ನ ಸದ್ದನ್ನು ಒಡೆದು ಹೋಗುವಷ್ಟು ಏರಿಸಿದಾಗ ಗಾಂಧಾರ ಸೇರಿಸಿದರೆ ಸ್ವರಗಳು ಒಂದಕ್ಕೊಂದು ಉಜ್ಜಿ ಕಲಸಿಹೋಗುತ್ತವೆ. ಷಡ್ಜ ಪಂಚಮ ಮಾತ್ರ ಇದ್ದರೆ ಆ ಒಡಕಿನಲ್ಲೂ ಸದ್ದು ಗಟ್ಟಿಯಾಗಿ ನಿಲ್ಲುತ್ತೆ. ಗಾಂಧಾರ ಇಲ್ಲದ್ದರಿಂದ ಆ ಕಾರ್ಡ್ ಸಂತೋಷದ್ದೂ ಅಲ್ಲ, ದುಃಖದ್ದೂ ಅಲ್ಲ. ಆ ಬಣ್ಣವನ್ನು ಹಾಡುವವನ ದನಿಯೇ ತುಂಬಬೇಕು. ಪಿಸ್ಟಲ್ಸ್ ಗಾಯಕ ಜಾನಿ ರಾಟನ್‌ನ ಆ ಎಳೆದೆಳೆದು, ಪ್ರತಿ ಪದದ ಕೊನೆಯನ್ನು ತಿರುಚಿ ಹಾಡುವ ರೀತಿ ಇಷ್ಟು ಕುಟುಕೋದು ಅದಕ್ಕೇ. ಕಡಿಮೆ ಸ್ವರ ಅಂದ ಮಾತ್ರಕ್ಕೆ ಕಡಿಮೆ ಸಂಗೀತ ಅನ್ನೋಕಾಗಲ್ಲ, ಇದನ್ನು ತಂಬೂರಿ ಮುಂದೆ ಕೂತವರಿಗೆ ಹೇಳಿಕೊಡಬೇಕಾಗಿಲ್ಲ.

ನಿಜಕ್ಕೂ ಬಾರದೇ ಇದ್ದವರೂ ಇದ್ದರು, ಅದನ್ನು ಮುಚ್ಚಿಡಲ್ಲ. ಕ್ಲ್ಯಾಶ್ ತಂಡ ಶುರುವಾದಾಗ ಪಾಲ್ ಸಿಮೊನನ್‌ಗೆ ಬೇಸ್ ಗೊತ್ತಿರಲಿಲ್ಲ. ಗಿಟಾರ್‌ನ ಕತ್ತಿನ ಮೇಲೆ ಸ್ವರದ ಹೆಸರುಗಳನ್ನು ಬಣ್ಣದಲ್ಲಿ ಬರೆದುಕೊಂಡು ಕಲಿತವನು ಅವನು. ಆದರೆ ಅವನು ಬೆಳೆದದ್ದು ದಕ್ಷಿಣ ಲಂಡನ್ನಿನಲ್ಲಿ, ಜಮೈಕಾದ ರೆಗೆ ಸಂಗೀತ ಕೇಳಿಕೊಂಡು. ರೆಗೆಯಲ್ಲಿ ಬೇಸ್ ಹಿಂದೆ ನಿಂತು ಆಸರೆ ಕೊಡೋದಿಲ್ಲ, ಅದೇ ಮುಂದೆ ನಿಂತು ಹಾಡುತ್ತೆ. ಆ ಕಿವಿ ಅವನಿಗಿತ್ತು. ಕ್ಲ್ಯಾಶ್ ತಂಡದ 1977ರ ಮೊದಲ ಆಲ್ಬಮ್‌ನಲ್ಲಿ ಜಮೈಕಾದ ರೆಗೆ ಗಾಯಕ ಜೂನಿಯರ್ ಮರ್ವಿನ್‌ನ 'ಪೊಲೀಸ್ ಅಂಡ್ ಥೀವ್ಸ್' ಇದೆ. ಎರಡು ನಿಮಿಷದ ಹಾಡುಗಳ ನಡುವೆ ಆರು ನಿಮಿಷದ್ದು. ಅದರಲ್ಲಿ ಒಂದು ಗಿಟಾರ್ ತಾಳದ ಮೇಲೆ ಬೀಳುತ್ತೆ, ಇನ್ನೊಂದು ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ. ಬೇರೆ ತಂಡ ಆಗಿದ್ದರೆ ಎರಡನ್ನೂ ರೆಗೆ ಥರ ನುಡಿಸಿ ನಕಲು ಮಾಡುತ್ತಿತ್ತು. ಇವರು ಹಾಗೆ ಮಾಡಲಿಲ್ಲ, ತಮ್ಮದನ್ನೂ ಬಿಡಲಿಲ್ಲ. ಈ ಒಂದು ಹಾಡಿಗೆ ನಾನು ಸಂಗೀತದ ಮೇಲ್ಮೆ ಅಂತಲೇ ಅನ್ನೋದು. (ಹಾಡಿದ ಜೋ ಸ್ಟ್ರಮ್ಮರ್‌ನ ಅಪ್ಪ ಹುಟ್ಟಿದ್ದು ಲಖನೌದಲ್ಲಿ. ನಮ್ಮ ಕಡೆಯವರಿಗೆ ಇದು ಅಷ್ಟಾಗಿ ಗೊತ್ತಿಲ್ಲ.)

ರೆಗೆಗೂ ಪಂಕ್‌ಗೂ ಈ ನಂಟು ಹೇಗೆ ಬಂತು ಅಂತ ಕೇಳಿದರೆ ಕಾರಣ ಬಹಳ ಸರಳ. ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ರೆಕಾರ್ಡ್ ಹಾಕುತ್ತಿದ್ದವನು ಡಾನ್ ಲೆಟ್ಸ್, ಜಮೈಕಾ ಮೂಲದ ಹುಡುಗ. ಆಗಿನ್ನೂ ಪಂಕ್ ರೆಕಾರ್ಡ್‌ಗಳೇ ಹೆಚ್ಚು ಬಂದಿರಲಿಲ್ಲ. ಡ್ಯಾಮ್ಡ್ ತಂಡದ 'ನ್ಯೂ ರೋಸ್' 1976ರ ಅಕ್ಟೋಬರ್‌ನಲ್ಲಿ ಬಂತು, ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಅಂತ ಹೇಳೋದು ಅದನ್ನೇ. ತಂಡಗಳ ನಡುವಿನ ಬಿಡುವಿನಲ್ಲಿ ಹಾಕೋಕೆ ಏನೂ ಇಲ್ಲ, ಹಾಗಾಗಿ ಲೆಟ್ಸ್ ತನ್ನ ಮನೆಯ ರೆಗೆ ರೆಕಾರ್ಡ್‌ಗಳನ್ನೇ ತಂದು ಹಾಕಿದ. ಬಂದ ಹುಡುಗರ ಕಿವಿ ಅಲ್ಲೇ ತಯಾರಾಯಿತು.

ಈಗ ನನಗೆ ತುಂಬಾ ಇಷ್ಟವಾದ ಕಡೆ ಬರ್ತೀನಿ. ಮ್ಯಾಂಚೆಸ್ಟರ್.

1976ರ ಜೂನ್ 4. ಹವರ್ಡ್ ಡಿವೊಟೊ, ಪೀಟ್ ಶೆಲ್ಲಿ ಅಂತ ಇಬ್ಬರು ಹುಡುಗರು ಸೆಕ್ಸ್ ಪಿಸ್ಟಲ್ಸ್ ತಂಡವನ್ನು ತಮ್ಮೂರಿಗೆ ಕರೆಸಿ, ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟರು. ಬಂದವರು ನಲವತ್ತರ ಆಸುಪಾಸು. ಆ ನಲವತ್ತರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಇದ್ದರು. ಹುಕ್ ಮಾರನೇ ದಿನವೇ ಹೋಗಿ ಬೇಸ್ ಗಿಟಾರ್ ಕೊಂಡ. ಅವನು ಕೊಂಡ ಆಂಪ್ಲಿಫೈಯರ್ ಎಷ್ಟು ಕಳಪೆ ಅಂದ್ರೆ ಕೆಳಗಿನ ಸ್ವರ ನುಡಿಸಿದರೆ ಗದ್ದಲದಲ್ಲಿ ಅವನಿಗೇ ಕೇಳುತ್ತಿರಲಿಲ್ಲ. ಅದಕ್ಕೆ ಮೇಲಿನ ಸ್ವರಗಳಲ್ಲೇ ನುಡಿಸೋಕೆ ಶುರು ಮಾಡಿದ. ಮುಂದೆ ಈ ಇಬ್ಬರೂ ಇದ್ದ ಜಾಯ್ ಡಿವಿಷನ್ ತಂಡದ ಹಾಡುಗಳಲ್ಲಿ ಮನಸ್ಸು ಹಿಡಿಯುವ ರಾಗ ಬೇಸ್‌ನಲ್ಲೇ ಬರುತ್ತಲ್ಲ, ಅದರ ಬೇರು ಈ ಕಳಪೆ ಪೆಟ್ಟಿಗೆಯಲ್ಲಿದೆ.

ಕಾರ್ಯಕ್ರಮ ಇಟ್ಟ ಆ ಇಬ್ಬರ ಸ್ವಂತ ತಂಡ ಬಜ್‌ಕಾಕ್ಸ್. ಅದೇ ವರ್ಷ ಡಿಸೆಂಬರ್ 28ಕ್ಕೆ ಸ್ಟುಡಿಯೋಗೆ ಹೋದರು. ಸುಮಾರು ಮೂರು ಗಂಟೆ ರೆಕಾರ್ಡಿಂಗ್, ಎರಡು ಗಂಟೆ ಮಿಕ್ಸಿಂಗ್, ನಾಲ್ಕು ಹಾಡು. ಖರ್ಚು 500 ಪೌಂಡ್, ಅದೂ ಸ್ನೇಹಿತರ ಹತ್ತಿರ, ಶೆಲ್ಲಿಯ ಅಪ್ಪನ ಹತ್ತಿರ ಸಾಲ ಮಾಡಿದ್ದು. ಕಂಪನಿಯ ಬಾಗಿಲು ತಟ್ಟಲಿಲ್ಲ, ನ್ಯೂ ಹಾರ್ಮೋನ್ಸ್ ಅಂತ ತಾವೇ ಒಂದು ಹೆಸರಿಟ್ಟು 1000 ಪ್ರತಿ ಒತ್ತಿಸಿದರು. 'ಸ್ಪೈರಲ್ ಸ್ಕ್ರ್ಯಾಚ್' ಅಂತ ಅದರ ಹೆಸರು, 1977ರ ಜನವರಿ ಕೊನೆಗೆ ಬಂತು. ಕವರ್ ಮೇಲಿರೋದು ಪಿಕಡಿಲಿ ಗಾರ್ಡನ್ಸ್‌ನ ಪ್ರತಿಮೆಯೊಂದರ ಬುಡದಲ್ಲಿ ತೆಗೆದ ಒಂದು ಪೋಲರಾಯ್ಡ್ ಫೋಟೋ. ಹಿಂದೆ ತಿರುಗಿಸಿದರೆ ಪ್ರತಿ ಹಾಡಿನ ಮುಂದೆ ಅದು ಎಷ್ಟನೇ ಸಲಕ್ಕೆ ಸರಿಹೋಯ್ತು, ಮೇಲಿಂದ ಏನಾದರೂ ಸೇರಿಸಿದ್ದಾರಾ ಅಂತ ಬರೆದಿದೆ. ಅಡುಗೆಯವನು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದ ಹಾಗೆ. ನೋಡಿ, ಇಷ್ಟೇ, ನೀವೂ ಮಾಡಬಹುದು ಅಂತ.

ಆ ನಾಲ್ಕರಲ್ಲಿ ಒಂದು 'ಬೋರ್ಡಮ್'. ಅದರ ನಡುವೆ ಶೆಲ್ಲಿಯ ಗಿಟಾರ್ ಸೋಲೋ ಬರುತ್ತೆ. ಎರಡೇ ಸ್ವರ. ಆ ಎರಡನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಾನೆ, ಎಣಿಸಿದವರು 66 ಸಲ ಅಂತಾರೆ. ಮೊದಮೊದಲು ಏನೋ ಅಲಾರಂ ಹೊಡೆದ ಹಾಗೆ ಇರುತ್ತೆ. ಇನ್ನೇನು ಬದಲಾಗುತ್ತೆ ಅಂತ ಕಾಯ್ತೀರಿ. ಬದಲಾಗಲ್ಲ. ಕೆಳಗೆ ಡ್ರಮ್, ಬೇಸ್ ಮುಂದೆ ಹೋಗ್ತಾನೇ ಇರುತ್ತವೆ, ಮೇಲೆ ಆ ಎರಡು ಸ್ವರ ಅಲ್ಲಾಡದೆ ನಿಂತಿರುತ್ತವೆ, ಆಮೇಲೆ ಕಟ್ಟಕಡೆಗೆ ಒಂದೇ ಒಂದು ಬೇರೆ ಸ್ವರ ಬಂದು ಮುಗಿಯುತ್ತೆ. ಹಾಡು ಬೇಸರದ ಬಗ್ಗೆ, ಸೋಲೋನೇ ಆ ಬೇಸರವನ್ನು ಅನುಭವಕ್ಕೆ ತಂದು ಕೊಡುತ್ತೆ. ಶೆಲ್ಲಿಗೆ ಮೂರನೇ ಸ್ವರ ಗೊತ್ತಿರಲಿಲ್ಲ ಅಂತ ಹೇಳುವವರು ಅವನು ಮುಂದಿನ ವರ್ಷಗಳಲ್ಲಿ ಕಟ್ಟಿದ ಹಾಡುಗಳನ್ನು ಕೇಳಿಲ್ಲ. ರಾಗದ ವಿಷಯದಲ್ಲಿ ಅವನು ಆ ಕಾಲದ ಯಾರಿಗೂ ಕಡಿಮೆ ಇರಲಿಲ್ಲ. ಇಲ್ಲಿ ಎರಡೇ ಸಾಕು ಅಂತ ಅವನು ತೀರ್ಮಾನ ಮಾಡಿದ್ದು.

ಹಾಗಂತ ಎಲ್ಲವೂ ಚಿನ್ನ ಅಂತ ನಾನು ವಾದ ಮಾಡಲ್ಲ. 1977ರ ಕೊನೆಗೆ ಬಂದ ಎಷ್ಟೋ ರೆಕಾರ್ಡ್‌ಗಳು ಒಂದರ ಪಡಿಯಚ್ಚು ಇನ್ನೊಂದು, ಎರಡು ಹಾಡು ಕೇಳಿದರೆ ಮೂರನೆಯದು ಬೇಡ ಅನ್ನಿಸುತ್ತೆ. ಜನರನ್ನು ಕೆರಳಿಸೋಕೆ ಅಂತ ಕೆಲವರು ನಾಜಿ ಚಿಹ್ನೆ ಹಾಕಿಕೊಂಡು ತಿರುಗಿದ್ದು ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ, ವಯಸ್ಸು ಚಿಕ್ಕದಿತ್ತು ಅನ್ನೋ ಸಮಾಧಾನ ನನಗೆ ಸಾಲಲ್ಲ. ಅದೇ ಪಂಕ್ ಮಂದಿ 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ, ವರ್ಣದ್ವೇಷದ ವಿರುದ್ಧ ಸೇರಿದ್ದ ದೊಡ್ಡ ಜನಸಾಗರದ ಮುಂದೆ, ಸ್ಟೀಲ್ ಪಲ್ಸ್ ಎಂಬ ರೆಗೆ ತಂಡದ ಜೊತೆ ಒಂದೇ ವೇದಿಕೆಯಲ್ಲಿ ನುಡಿಸಿದರು ಅನ್ನೋದನ್ನೂ ಹೇಳಬೇಕು. ಅವತ್ತು ಕ್ಲ್ಯಾಶ್ ಇತ್ತು, ಎಕ್ಸ್-ರೇ ಸ್ಪೆಕ್ಸ್ ಇತ್ತು. ಎಕ್ಸ್-ರೇ ಸ್ಪೆಕ್ಸ್‌ನ ಪಾಲಿ ಸ್ಟೈರೀನ್, ಸೊಮಾಲಿಯಾದ ಅಪ್ಪ, ಸ್ಕಾಟಿಷ್-ಐರಿಷ್ ಮೂಲದ ಅಮ್ಮ, ಹಲ್ಲಿಗೆ ಕ್ಲಿಪ್ಪು. ಅವಳ ಗಂಟಲು ಅಂದ್ರೆ ಗಂಟಲು. ಪಕ್ಕದಲ್ಲಿ ಸ್ಯಾಕ್ಸೊಫೋನ್. ಪಂಕ್ ಅಂದ್ರೆ ಗಿಟಾರ್ ಅಷ್ಟೇ ಅಂದುಕೊಂಡವರು ಅದನ್ನು ಕೇಳಬೇಕು.

ಪಂಕ್ ಬಂದು ಹಳೇ ರಾಕ್ ಅನ್ನು ಅಳಿಸಿಬಿಟ್ಟಿತು ಅನ್ನೋದೂ ಸುಮ್ನೆ ಮಾತು. 1977ರಲ್ಲಿ ಪಿಸ್ಟಲ್ಸ್‌ನ 'ಗಾಡ್ ಸೇವ್ ದ ಕ್ವೀನ್' ಅನ್ನು ಬಿಬಿಸಿ ನಿಷೇಧಿಸಿದರೂ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯ್ತು, ನಿಜ. ಆದರೆ ಅದೇ ವರ್ಷದ ಕೊನೆಗೆ ಬ್ರಿಟನ್ನಿನಲ್ಲಿ 20 ಲಕ್ಷ ದಾಟುವಷ್ಟು ಮಾರಾಟದ ಹಾದಿ ಹಿಡಿದದ್ದು ಪಾಲ್ ಮೆಕಾರ್ಟ್ನಿಯ 'ಮಲ್ ಆಫ್ ಕಿಂಟೈರ್'. ಪಿಂಕ್ ಫ್ಲಾಯ್ಡ್‌ನ 'ದ ವಾಲ್' ಬಂದದ್ದು 1979ರಲ್ಲಿ. ಪಂಕ್ ಮೊದಲು ಹುಟ್ಟಿದ್ದೂ ಲಂಡನ್ನಿನಲ್ಲಲ್ಲ, ನ್ಯೂಯಾರ್ಕಿನ ರಮೋನ್ಸ್ ತಂಡ 1976ರ ಜುಲೈನಲ್ಲಿ ಲಂಡನ್ನಿಗೆ ಬಂದು ಹೋದಾಗಿನ ಪೆಟ್ಟು ಅಲ್ಲಿನ ಹುಡುಗರ ಕೈಯಲ್ಲಿ ಕಾಣುತ್ತೆ.

ಮತ್ತೆ ಉಳಿದದ್ದು ಏನು ಅಂತೀರಾ? ಜಾನಿ ರಾಟನ್‌ನನ್ನೇ ನೋಡಿ. 1977ರ ಜುಲೈನಲ್ಲಿ ಲಂಡನ್ನಿನ ಒಂದು ರೇಡಿಯೋ ಅವನನ್ನು ಕರೆದು, ನಿನಗಿಷ್ಟದ ರೆಕಾರ್ಡ್ ಹಾಕು ಅಂದಿತು. ಎಲ್ಲರೂ ಗಲಾಟೆ ನಿರೀಕ್ಷೆ ಮಾಡಿದ್ದರೆ ಅವನು ಹಾಕಿದ್ದು ಜರ್ಮನಿಯ ಕ್ಯಾನ್ ತಂಡ, ಕ್ಯಾಪ್ಟನ್ ಬೀಫ್‌ಹಾರ್ಟ್, ಪೀಟರ್ ಹ್ಯಾಮಿಲ್, ಬೇಕಾದಷ್ಟು ರೆಗೆ. ಆರು ತಿಂಗಳಲ್ಲಿ ಪಿಸ್ಟಲ್ಸ್ ಒಡೆಯಿತು. ಅವನು ತನ್ನ ನಿಜ ಹೆಸರು ಜಾನ್ ಲೈಡನ್ ಇಟ್ಟುಕೊಂಡು ಪಬ್ಲಿಕ್ ಇಮೇಜ್ ಲಿಮಿಟೆಡ್ ಕಟ್ಟಿದ. 1979ರ 'ಮೆಟಲ್ ಬಾಕ್ಸ್' ಬಂದದ್ದು ತಗಡಿನ ಡಬ್ಬಿಯೊಳಗೆ ಮೂರು ತಟ್ಟೆಗಳಾಗಿ. ಎದೆ ನಡುಗಿಸುವ ಬೇಸ್, ಗಾಜು ಚೂರಾದ ಹಾಗೆ ಗಿಟಾರ್, ಪಿಸ್ಟಲ್ಸ್‌ನ ಆ ಗೋಡೆಯಂಥ ಸದ್ದು ಎಲ್ಲೂ ಇಲ್ಲ. ಅದೇ ವರ್ಷ ಸ್ಲಿಟ್ಸ್ ಹುಡುಗಿಯರ 'ಕಟ್' ಬಂತು, ಜಾಯ್ ಡಿವಿಷನ್‌ನ ಮೊದಲ ಆಲ್ಬಮ್ ಬಂತು, ಕ್ಲ್ಯಾಶ್‌ನ 'ಲಂಡನ್ ಕಾಲಿಂಗ್' ಬಂತು. ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೆ ಮೂರ್ನಾಲ್ಕು ವರ್ಷ ಮೊದಲು ಇವರಲ್ಲಿ ಕೆಲವರು ವಾದ್ಯವನ್ನೇ ಮುಟ್ಟಿರಲಿಲ್ಲ.

ಕೇಳೋಕೆ ಶುರು ಮಾಡೋದಾದ್ರೆ ಪಿಸ್ಟಲ್ಸ್‌ನಿಂದ ಬೇಡ. ಮೊದಲು 'ಬೋರ್ಡಮ್', ಆಮೇಲೆ ಕ್ಲ್ಯಾಶ್‌ನ 'ಪೊಲೀಸ್ ಅಂಡ್ ಥೀವ್ಸ್', ಆಮೇಲೆ 'ಮೆಟಲ್ ಬಾಕ್ಸ್'. ಪಿಸ್ಟಲ್ಸ್ ಆಲ್ಬಮ್ ಕೊನೆಗಿಡಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ದಯವಿಟ್ಟು.