‘ಈ ಕೋರ್ಟಿಗೆ ಅಧಿಕಾರವಿಲ್ಲ’: ಭೂಮಸೂದೆಯ ದಿನಗಳಿಂದ ಇಂದಿನವರೆಗೆ

ವಕೀಲರಿಲ್ಲದೆ ತಮ್ಮ ಪರವಾಗಿ ತಾವೇ ಮಾತಾಡುವುದು ಕರಾವಳಿಯವರಿಗೆ ಹೊಸದಲ್ಲ. ಉಳುವವನಿಗೆ ಭೂಮಿಯ ಹಕ್ಕು ಕೊಟ್ಟ 1974ರ ಭೂಮಸೂದೆಯ ನಂತರ ಉಡುಪಿಯೂ ಸೇರಿದ್ದ ಅವಿಭಜಿತ ದಕ್ಷಿಣ ಕನ್ನಡದ ಚಾಲಗೇಣಿ (ಕಾಯಂ ಹಕ್ಕಿಲ್ಲದ ಗೇಣಿ) ಒಕ್ಕಲುಗಳು ‘ಡಿಕ್ಲರೇಶನ್’ (ಉಳುತ್ತಿದ್ದ ಜಮೀನಿನ ಹಕ್ಕು ಕೋರುವ ಅರ್ಜಿ) ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತದ್ದು ಒಂಟಿಯಾಗಿಯೇ. ವಕೀಲರು ಅಲ್ಲಿಗೆ ಬರುವಂತೆಯೇ ಇರಲಿಲ್ಲ; ಕರ್ನಾಟಕ ಭೂಸುಧಾರಣಾ ಕಾಯ್ದೆಯ 48(8)ನೇ ಕಲಮು ಅದನ್ನು ನಿಷೇಧಿಸಿತ್ತು.

ಇದು ಒಕ್ಕಲಿಗೆ ಮಾಡಿದ ಅನ್ಯಾಯವಲ್ಲ, ಆಸರೆ ಎಂದೇ ನಾನು ಭಾವಿಸುತ್ತೇನೆ. ಧಣಿ ಪೇಟೆಯಿಂದ ಹೆಸರಾಂತ ವಕೀಲರನ್ನು ಕರೆತಂದರೆ, ಕೈಯಲ್ಲಿ ಗೇಣಿಚೀಟಿಯೂ ಇಲ್ಲದ ಒಕ್ಕಲು ಏನು ತಾನೇ ಹೇಳಿಯಾನು? ಅಸಿಸ್ಟೆಂಟ್ ಕಮಿಷನರ್ ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು ಮಂಡಳಿಯಲ್ಲಿದ್ದರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ಗದ್ದೆ ಉತ್ತವರು ಯಾರು, ಗೇಣಿ ಅಕ್ಕಿ ಎಷ್ಟು ಮುಡಿ ಎಂಬಂಥ ಪ್ರಶ್ನೆಗಳಿಗೆ ಉತ್ತರ ಹೇಳಲು ಒಕ್ಕಲಿಗೆ ಬೇರೆಯವರ ಬಾಯಿ ಬೇಕಿರಲಿಲ್ಲ.

ನ್ಯಾಯವ್ಯಾಪ್ತಿಯ, ಅಂದರೆ ಯಾವ ವ್ಯಾಜ್ಯ ತೀರ್ಮಾನಿಸುವ ಅಧಿಕಾರ ಯಾವ ಕೋರ್ಟಿಗೆ ಎಂಬ ಪ್ರಶ್ನೆ ಊರೂರಿಗೆ ತಲುಪಿದ್ದೂ ಆ ದಿನಗಳಲ್ಲೇ. ಒಕ್ಕಲು ಜಾಗಕ್ಕೆ ಕಾಲಿಡಬಾರದೆಂದು ಧಣಿ ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹೂಡಿದರೆ, ‘ನಾನು ಗೇಣಿದಾರ, ಅದನ್ನು ತೀರ್ಮಾನಿಸುವ ಅಧಿಕಾರ ಈ ಕೋರ್ಟಿಗಿಲ್ಲ’ ಎಂದು ಒಕ್ಕಲು ಆಕ್ಷೇಪಿಸಬಹುದಿತ್ತು. ಕಾಯ್ದೆಯ 132 ಮತ್ತು 133ನೇ ಕಲಮುಗಳು ಅವನ ಬೆನ್ನಿಗಿದ್ದವು. ಸಿವಿಲ್ ಕೋರ್ಟು ದಾವೆಯನ್ನು ತಡೆಹಿಡಿದು, ಗೇಣಿಯ ಪ್ರಶ್ನೆಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು.

ವಕೀಲರ ಮೇಲಿನ ನಿಷೇಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ರದ್ದುಪಡಿಸಿತು. ವಕೀಲಿ ವೃತ್ತಿಯ ಹಕ್ಕು ಸಂಸತ್ತಿನ ಶಾಸನಾಧಿಕಾರಕ್ಕೆ ಸೇರಿದ್ದು, ರಾಜ್ಯ ಅದಕ್ಕೆ ಕೈಹಾಕುವಂತಿಲ್ಲ ಎಂಬುದು ಅದರ ನಿಲುವು. ಅಷ್ಟರಲ್ಲಿ ಡಿಕ್ಲರೇಶನ್ ಸಲ್ಲಿಸುವ ಕೊನೆಯ ದಿನ, 1979ರ ಜೂನ್ 30, ಮುಗಿದು ಎಂಟು ವರ್ಷವಾಗಿತ್ತು.

ಸಾಮಾನ್ಯ ನ್ಯಾಯಾಲಯಗಳಲ್ಲಿ ಖುದ್ದು ಹಾಜರಾಗಿ ವಾದಿಸುವ ಹಕ್ಕು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೇ ಇದೆ. ವಕೀಲರಲ್ಲದ ಬಂಧುವೋ ಸ್ನೇಹಿತರೋ ವಾದಿಸಬೇಕಾದರೆ ಮಾತ್ರ ನ್ಯಾಯಾಲಯದ ಅನುಮತಿ ಬೇಕು. ಆದರೆ ಒಕ್ಕಲಿಗಾಗಿ ಮಂಡಳಿಯಲ್ಲಿ ಮಾಡಿದಂಥ ಸರಳ ವ್ಯವಸ್ಥೆ ಮಂಗಳೂರಿನ ಕರಂಗಲ್ಪಾಡಿಯ ನ್ಯಾಯಾಲಯಕ್ಕೆ ಒಬ್ಬನೇ ಬರುವ ಇಂದಿನ ಪಕ್ಷಕಾರನಿಗೆ ಇಲ್ಲ. ನ್ಯಾಯವ್ಯಾಪ್ತಿಯ ಆಕ್ಷೇಪದಲ್ಲಿಯೇ ಅವನು ಮೊದಲು ಎಡವುತ್ತಾನೆ. ಉಡುಪಿಯಲ್ಲಿ ಹೂಡಬೇಕಿದ್ದ ದಾವೆಯನ್ನು ಮಂಗಳೂರಿನಲ್ಲಿ ಹೂಡಿದ್ದರೆ, ವಿವಾದಾಂಶಗಳನ್ನು ರೂಪಿಸುವುದಕ್ಕೆ ಮುಂಚೆಯೇ ಆಕ್ಷೇಪ ಎತ್ತಬೇಕು ಎನ್ನುತ್ತದೆ ಸಂಹಿತೆಯ 21ನೇ ಕಲಮು. ಸೋತ ಮೇಲೆ ಮೇಲ್ಮನವಿಯಲ್ಲಿ ಮೊದಲ ಬಾರಿಗೆ ಎತ್ತಿದರೆ ಅದು ನಿಲ್ಲುವುದಿಲ್ಲ. ವಿಷಯದ ಮೇಲೆಯೇ ಅಧಿಕಾರವಿಲ್ಲದ ಕೋರ್ಟು ಕೊಟ್ಟ ಡಿಕ್ರಿಯ ಮಾತು ಬೇರೆ; ಅದು ಶೂನ್ಯ, ಅಮಲ್ಜಾರಿಯ (ಡಿಕ್ರಿಯನ್ನು ಜಾರಿಗೊಳಿಸುವ) ಹಂತದಲ್ಲಿಯೂ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟು 1954ರಲ್ಲಿಯೇ ಹೇಳಿದೆ. ಈ ಎರಡರ ವ್ಯತ್ಯಾಸ ತಿಳಿಯದೆ ಜಾಗ ಕಳೆದುಕೊಳ್ಳುವುದು ಸಂಕಟದ ಸಂಗತಿ.

ವ್ಯಾಪ್ತಿಯ ಗೆರೆ ಕಾಲಕಾಲಕ್ಕೆ ಸರಿದದ್ದೂ ಉಂಟು. ಅಹಮದಾಬಾದಿನ ಖರೀದಿದಾರ ಕೊಟ್ಟ ಚೆಕ್ ಅಮಾನ್ಯವಾದರೆ ಮಂಗಳೂರಿನ ಅಡಿಕೆ ವ್ಯಾಪಾರಿ ಎಲ್ಲಿ ದೂರು ಕೊಡಬೇಕು? ಖರೀದಿದಾರನ ಬ್ಯಾಂಕ್ ಇರುವ ಊರಿನಲ್ಲಿ ಎಂದಿತು ಸುಪ್ರೀಂ ಕೋರ್ಟಿನ 2014ರ ತೀರ್ಪು. ಮರುವರ್ಷವೇ ಚೆಕ್ಕುಗಳ ಕುರಿತ ಕಾಯ್ದೆಗೆ ತಿದ್ದುಪಡಿಯಾಗಿ, ವ್ಯಾಪಾರಿ ತನ್ನ ಖಾತೆಗೆ ಹಾಕಿದ ಚೆಕ್ಕಿನ ದೂರು ಆ ಖಾತೆಯಿರುವ ಊರಿಗೇ ಮರಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಗ್ರಾಹಕರು ವಾಸಿಸುವ ಊರಿನಲ್ಲಿಯೇ ದೂರು ಕೊಡಲು ಅವಕಾಶ ಮಾಡಿತು. ಅಲ್ಲಿಯೂ ವಕೀಲರು ಕಡ್ಡಾಯವಲ್ಲ.

‘ನಾನು ಒಪ್ಪದ ಹೊರತು ಯಾವ ಕೋರ್ಟಿಗೂ ನನ್ನ ಮೇಲೆ ಅಧಿಕಾರವಿಲ್ಲ’ ಎಂಬ ವಾದಕ್ಕೆ ನಮ್ಮ ಕಾನೂನಿನಲ್ಲಿ ನೆಲೆಯಿಲ್ಲ. ಕೋರ್ಟಿಗೆ ಅಧಿಕಾರ ಬರುವುದು ಸಂವಿಧಾನ ಮತ್ತು ಶಾಸನದಿಂದ, ಕಕ್ಷಿದಾರರ ಒಪ್ಪಿಗೆಯಿಂದಲ್ಲ. ಆ ವಾದವನ್ನು ನಂಬಿ ಸಮನ್ಸ್ ಬಂದರೂ ಸುಮ್ಮನೆ ಕುಳಿತವರ ವಿರುದ್ಧ ಏಕಪಕ್ಷೀಯ ಡಿಕ್ರಿ ಆಗಬಹುದು.

ಸಮನ್ಸ್ ಕೈಸೇರಿದ 30 ದಿನಗಳೊಳಗೆ ಪ್ರತಿವಾದ ಪತ್ರ ಸಲ್ಲಿಸಬೇಕು; ಕೋರ್ಟು ಕಾರಣ ದಾಖಲಿಸಿ 90 ದಿನಗಳವರೆಗೆ ಸಮಯ ಕೊಡಬಹುದು. ವ್ಯಾಪ್ತಿಯ ಆಕ್ಷೇಪವಿದ್ದರೆ ಅದನ್ನು ಆ ಪತ್ರದಲ್ಲಿಯೇ ಬರೆಯಬೇಕು. ಬರೆಯಲು ತಿಳಿಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಪಡೆಯಲು ಆದಾಯದ ಮಿತಿಯೂ ಇಲ್ಲ.